ರುದ್ರಗೌಡನ ಚುಟ್ಟಾ

ಹರಪನಹಳ್ಳಿ
18 ಜನವರಿ 2025, ಶನಿವಾರ

ನಮ್ಮವ್ವ ಸುಕನ್ಯಾ,

ಕೈ ಹೇಗಿದೆ? ಬೇರೆ ಏನು ಬರೆಯುವುದಿದ್ದರೂ ಅದನ್ನು ಮೊದಲು ಬರೆ. ಓವನ್ನಿನ ತಟ್ಟೆ ತಾಗಿ ಮುಂಗೈ ಸುಟ್ಟಿತು ಎಂದು ನೀನು ಹೇಳಿದ ದಿನದಿಂದ ನಿನ್ನವ್ವ ರೊಟ್ಟಿ ಬಡಿಯಲು ಕೂತಾಗಲೆಲ್ಲ ತನ್ನ ಮುಂಗೈ ಸವರಿಕೊಳ್ಳುತ್ತಾಳೆ, ಸುಟ್ಟಿದ್ದು ಅವಳದೇ ಎನ್ನುವ ಹಾಗೆ. ಹಡಗಿನ ಡಾಕ್ಟರು ಕೊಟ್ಟ ಮುಲಾಮನ್ನು ಬಿಡದೆ ಹಚ್ಚು. ಅಷ್ಟು ಸಾವಿರ ಜನಕ್ಕೆ ಬ್ರೆಡ್ಡು, ಕೇಕು ಸುಡುವವಳು ತಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎನ್ನುವುದು ನಮ್ಮ ಮನೆಯ ದಿನನಿತ್ಯದ ಚರ್ಚೆ. ನಾವಿಬ್ಬರೂ ಆರಾಮಾಗಿದ್ದೇವೆ. ನಿನ್ನವ್ವನ ಮೊಣಕಾಲು ಚಳಿಗೆ ಸ್ವಲ್ಪ ಹಿಡಿಯುತ್ತದೆ, ಬಿಸಿಲು ಏರಿದರೆ ಬಿಡುತ್ತದೆ. ಸಂಕ್ರಾಂತಿಗೆ ಮಾದಲಿ ಮಾಡಿದ್ದಳು. ನಿನ್ನ ಪಾಲಿನದು ಎಂದು ಡಬ್ಬಿಯಲ್ಲಿ ಎತ್ತಿಟ್ಟು, ಮರುದಿನ ತಾನೇ ಬೇಸರಪಟ್ಟುಕೊಂಡು ನನಗೇ ಹಾಕಿದಳು. ಹೀಗಾಗಿ ನಿನ್ನ ಹೆಸರಿನಲ್ಲಿ ನನ್ನ ಹೊಟ್ಟೆ ಬೆಳೆಯುತ್ತಿದೆ.

ಇಷ್ಟುದ್ದದ ಕಾಗದ ಯಾಕೆ, ಫೋನಿನಲ್ಲಿ ಹೇಳಬಾರದಿತ್ತೇ ಎಂದು ನೀನು ಕೇಳಬಹುದು. ನೀನು ಕರೆ ಮಾಡಿದಾಗ ಗಾಳಿ, ಯಂತ್ರದ ಸದ್ದು, ನಡುನಡುವೆ ಕಡಿದುಹೋಗುವ ಮಾತು. ಉಳಿದ ಹೊತ್ತಿನಲ್ಲಿ ಫೋನು ನಿನ್ನವ್ವನ ಕೈಯಲ್ಲಿ. ನಾನು ಹೇಳಬೇಕಾದದ್ದು ತುಂಡುತುಂಡಾಗಿ ಹೇಳುವಂಥದ್ದಲ್ಲ. ನಮ್ಮ ನಾಟಕ ಕಂಪನಿಯ ಭೀಮೇಶ್ ಈ ಹಾಳೆಗಳ ಫೋಟೊ ತೆಗೆದು ನಿನ್ನ ನಂಬರಿಗೆ ಹಾಕುತ್ತೇನೆ ಎಂದಿದ್ದಾನೆ. ಹಡಗು ಯಾವುದಾದರೂ ದಂಡೆ ಮುಟ್ಟಿದಾಗ, ಕೆಲಸವಿಲ್ಲದ ಹೊತ್ತಿನಲ್ಲಿ ಕೂತು ಓದು. ನಿಂತುಕೊಂಡು ಓದಬೇಡ.

ನಿನ್ನ ಹಡಗಿನಲ್ಲೇ ದುಡಿಯುವ ಮಾರೇಶನ ಕೈಯಲ್ಲಿ ನೀನು ಕಳಿಸಿದ ಚುಟ್ಟಾಗಳ ವಿಷಯ ಇದು. ಅವನು ರಜೆಗೆ ಕೂಡ್ಲಿಗಿಗೆ ಬಂದವನು ತನ್ನ ಮನೆಯಲ್ಲಿ ಚಹಾ ಕುಡಿಯುವ ಮೊದಲೇ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದು ಕೊಟ್ಟುಹೋದ. ಒಳ್ಳೆಯ ಹುಡುಗ. ಮರದ ಪುಟ್ಟ ಪೆಟ್ಟಿಗೆ, ಒಳಗೆ ಮೂರು ಚುಟ್ಟಾ, ಜೊತೆಗೆ ತೇವ ಹಿಡಿದಿಡುವ ಒಂದು ಪೊಟ್ಟಣ. ನಿನ್ನವ್ವ ಆ ಪೊಟ್ಟಣವನ್ನು ಅಡಿಗೆ ಸೋಡಾ ಎಂದು ಒಳಗೆ ಒಯ್ದಿದ್ದಳು, ನಾನು ಹಿಂದಿನಿಂದ ಹೋಗಿ ತಂದೆ. ನೀವೆಲ್ಲ ಅದಕ್ಕೆ ಸಿಗಾರ್ ಎನ್ನುತ್ತೀರಿ. ನನ್ನ ಬಾಯಿಗೆ ಚುಟ್ಟಾ ಎನ್ನುವ ಮಾತೇ ಬರುತ್ತದೆ. ಆದರೆ ಇಲ್ಲಿನ ಸಂತೆಯಲ್ಲಿ ಮುದುಕಿಯರು ಸೇದುವ ಚುಟ್ಟಾ ಎಲ್ಲಿ, ಇದೆಲ್ಲಿ! ಹೆಬ್ಬೆರಳಿನ ದಪ್ಪ, ತಲೆತಲಾಂತರದಿಂದ ಎಣ್ಣೆ ಕುಡಿದ ತಲೆಬಾಗಿಲಿನ ಬಣ್ಣ, ಹೊರ ಎಲೆಯ ಮೇಲೆ ಸಣ್ಣ ನರಗಳು, ಒತ್ತಿದರೆ ಒಂದಿಷ್ಟು ಮಣಿದು ಮತ್ತೆ ಏಳುವ ಮೈ. ಜೊತೆಗೆ ನಿನ್ನ ಚೀಟಿ: "ಅಪ್ಪಾ, ಸ್ಟೇಜಿನ ಮ್ಯಾಲೆ ನೀ ಇಷ್ಟು ವರ್ಷ ಸೇದಿದ್ದೆಲ್ಲಾ ಸುಳ್ಳು. ಒಮ್ಮೆ ಖರೇದ್ದು ಸೇದು. ಇದು ನಿಕರಾಗುವಾ ದೇಶದ್ದು, ಇರೋದರಾಗ ಭಾಳ ಖಡಕ್."

ಸುಳ್ಳು ಎನ್ನುವುದು ಸುಳ್ಳಲ್ಲ. ಬಿದಿರಿನ ತುಂಡಿಗೆ ಕಂದು ಕಾಗದ ಸುತ್ತಿ, ತುದಿಗೆ ಊದುಬತ್ತಿಯ ಚೂರು ಸಿಕ್ಕಿಸಿ ಹಚ್ಚಿಕೊಂಡು ನಾನು ರುದ್ರಗೌಡನಾಗುತ್ತಿದ್ದೆ. ಊರನ್ನೇ ಹೆದರಿಸುವ ಗೌಡ ರಂಗದ ಮೇಲೆ ಬಂದರೆ ಮುಂದಿನ ಸಾಲಿನವರಿಗೆ ದೇವರ ಕೋಣೆಯ ವಾಸನೆ! ಆದರೂ ಜನ ನಂಬುತ್ತಿದ್ದರು. ಅವರು ನಂಬಿದ್ದು ಆ ಬಿದಿರನ್ನಲ್ಲ, ನನ್ನ ನಗೆಯನ್ನು. ‘ಸಾಕ್ಷಿ ಹೇಳದ ಊರು’ ನಾಟಕವನ್ನು ನೀನು ಸಣ್ಣವಳಿದ್ದಾಗ ಎಷ್ಟು ಸಲ ನೋಡಿದ್ದೀಯೋ. ಗೌಡ ಹೊಟ್ಟೆಯೊಳಗಿಂದ ಎತ್ತಿ ನಕ್ಕರೆ ಹಿಂದಿನ ಸಾಲಿನಲ್ಲಿ ಮಲಗಿದ್ದ ಕೂಸು ಎದ್ದು ಅಳುತ್ತಿತ್ತು. ಕೊಟ್ರಸ್ವಾಮಿ ಹಾರ್ಮೋನಿಯಂ ಮೇಲೆ ಎರಡೂ ಕೈ ಒತ್ತಿ ಆ ನಗೆಯನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಕೂರಿಸುತ್ತಿದ್ದ. ಕಂಪನಿಯ ಮಾಲೀಕರು ಪಾಲಯ್ಯನವರು ಗೋಡೆಯ ಪೋಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ‘ನಗೆಯ ಗುಡುಗು’ ಎಂದೇ ಹಾಕಿಸುತ್ತಿದ್ದರು.

ನಿನಗೆ ಹೇಳದೇ ಇದ್ದದ್ದು ಒಂದಿದೆ. ನೋವಿಗಿಂತ ಹೆಚ್ಚಾಗಿ ನಾಚಿಕೆಯಿಂದ ಹೇಳಲಿಲ್ಲ. ದೀಪಾವಳಿ ಮುಗಿದ ಮೇಲೆ ಕೂಡ್ಲಿಗಿಯಲ್ಲಿ ಆಟವಿತ್ತು. ಟೆಂಟು ತುಂಬಿತ್ತು. ಮೇಲಿನ ಹಲ್ಲುಗಳನ್ನು ಕೀಳಿಸಿ ಸೆಟ್ ಹಾಕಿಸಿದ ಮೇಲೆ ಅದು ನನ್ನ ಮೊದಲ ರುದ್ರಗೌಡ. ಎರಡನೆಯ ಅಂಕದಲ್ಲಿ ಮೇಷ್ಟರನ್ನು ಹೆದರಿಸಿ ನಗಬೇಕು. ನಕ್ಕೆ. ನಗೆ ಎತ್ತರಕ್ಕೆ ಏರಿದಾಗ ಸೆಟ್ ಜಾರಿ, ನಾಲಗೆಗೆ ತಾಗಿ, ಹೊರಗೆ ಹಾರಿ, ಮೇಷ್ಟರ ಪಾತ್ರದ ಭೀಮೇಶನ ಕಾಲ ಹತ್ತಿರ ಬಿತ್ತು. ನಾನು ಬಗ್ಗಿ ಎತ್ತಿಕೊಂಡೆ. ಎತ್ತಿಕೊಳ್ಳದೆ ಇದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಎತ್ತಿಕೊಂಡದ್ದೇ ಮುಗಿಯಿತು. ಟೆಂಟಿಗೆ ಟೆಂಟೇ ನಕ್ಕಿತು. ಜನ ಕುರ್ಚಿ ಬಡಿದು ನಕ್ಕರು. ಆಮೇಲೆ ನಾನು ಬಾಯಿ ತೆರೆದಾಗಲೆಲ್ಲ ಯಾರೋ "ಹಲ್ಲು ಹಿಡಕಳೋ ಗೌಡ" ಎಂದು ಕೂಗಿದರು. ಕಡೆಯ ಅಂಕದಲ್ಲಿ ಊರಿಗೆ ಊರೇ ಗೌಡನಿಗೆ ತಿರುಗಿ ಬೀಳುವ ಗಂಭೀರ ಜಾಗದಲ್ಲೂ ನಕ್ಕರು. ನಮ್ಮ ನಟಿ ಕೊಟ್ರಮ್ಮ ಆ ದೃಶ್ಯದಲ್ಲಿ ನಿಜವಾಗಿ ಅಳುವವಳು. ಅವಳ ಅಳುವೂ ಹಾಳಾಯಿತು.

ಪಾಲಯ್ಯನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಚಹಾ ತರಿಸಿ ಎದುರು ಕೂರಿಸಿಕೊಂಡು, ವಯಸ್ಸಿಗೆ ತಕ್ಕ ಪಾತ್ರ ಮಾಡೋಣ, ದೇವಸ್ಥಾನದ ಅಯ್ಯನೋರ ಪಾತ್ರ ನಿಮಗೆ ಒಪ್ಪುತ್ತದೆ ಎಂದರು. ಆ ಅಯ್ಯನೋರಿಗೆ ಇರುವುದು ಒಂದು ಆಶೀರ್ವಾದ, ಒಂದು ಕೆಮ್ಮು. ರುದ್ರಗೌಡನ ಪಾತ್ರ ಹಗರಿಬೊಮ್ಮನಹಳ್ಳಿಯ ರಾಮಾಂಜನೇಯನಿಗೆ ಹೋಯಿತು. ಮೂವತ್ತರ ಗಂಡು, ಕಂಬದಂಥ ಎದೆ, ನನಗಿಂತ ಜೋರಾದ ನಗೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಬಣ್ಣ ಹಚ್ಚುವ ಮೊದಲು ಈಗಲೂ ನನ್ನ ಕಾಲು ಮುಟ್ಟುತ್ತಾನೆ. ನಾನು ಒಂದು ಆಶೀರ್ವಾದ, ಒಂದು ಕೆಮ್ಮು ಮುಗಿಸಿ ಪರದೆಯ ಹಿಂದೆ ಕೂತು ಅವನ ನಗೆ ಕೇಳುತ್ತಿದ್ದೆ. ಆ ದಿನಗಳಲ್ಲೇ ನಿನ್ನ ಪೆಟ್ಟಿಗೆ ಬಂದದ್ದು.

ಮೊದಲನೆಯದನ್ನು ನಾನು ಕೊಂದುಹಾಕಿದೆ. ಹೇಗೆ ಸೇದಬೇಕು ಎಂದು ನೀನು ಫೋನಿಗೆ ಕಳಿಸಿದ್ದ ಧ್ವನಿಯನ್ನು ಕೇಳಲೂ ಇಲ್ಲ. ಸೇದುವುದರಲ್ಲಿ ಕಲಿಯುವುದೇನಿದೆ ಎನ್ನುವ ಗರ್ವ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಳಿಗೆ ಹತ್ತಿ, ಚುಟ್ಟಾದ ತಲೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತು (ಹಲ್ಲಲ್ಲ, ಸೆಟ್, ಅದಕ್ಕೂ ಏಟಾಯಿತು), ಬೀಡಿಯ ಹಾಗೆ ದಮ್ಮೆಳೆದು ಹೊಗೆಯನ್ನು ಎದೆಗೆ ಇಳಿಸಿದೆ. ಅವ್ವಾ, ಉಚ್ಚಂಗಿದುರ್ಗದ ಮೆಟ್ಟಿಲನ್ನು ಓಡುತ್ತ ಹತ್ತಿದರೂ ಹಾಗಾಗಲಿಕ್ಕಿಲ್ಲ. ಮೊದಲು ಬಿಕ್ಕಳಿಕೆ. ಆಮೇಲೆ ಮೈಯೆಲ್ಲ ತಣ್ಣನೆಯ ಬೆವರು. ಮಾಳಿಗೆಯೇ ನಿಮ್ಮ ಹಡಗಿನ ಹಾಗೆ ತೂಗಾಡಿತು. ನೀರಿನ ತೊಟ್ಟಿ ಹಿಡಿದುಕೊಂಡು ಕೂತವನನ್ನು ನಿನ್ನವ್ವ ಕಂಡು, ಬೆಲ್ಲದ ಉಂಡೆಯನ್ನು ಬಾಯಿಗೆ ತುರುಕಿ, ಮಜ್ಜಿಗೆ ಕುಡಿಸಿ, ಸೆರಗಿನಿಂದ ಗಾಳಿ ಹಾಕುತ್ತ ಬೈದಳು. "ಮಗಳು ಕಳಿಸ್ಯಾಳಂತ ಸೇದಿ ಸಾಯ್ತೀರೇನು? ನಾಳಿ ಆಕಿಗೆ ನಾ ಏನಂತ ಹೇಳ್ಲಿ?" ಬೆಲ್ಲ ಕರಗಿದ ಹಾಗೆ ತಲೆಸುತ್ತು ನಿಂತಿತು. ಅರ್ಧ ಉರಿದ ಚುಟ್ಟಾವನ್ನು ಅವಳೇ ಇಕ್ಕಳದಲ್ಲಿ ಹಿಡಿದು ಬಚ್ಚಲಿಗೆ ಹಾಕಿದಳು.

ಆ ಮಧ್ಯಾಹ್ನ ನಿನ್ನ ಧ್ವನಿಯನ್ನು ಮೂರು ನಾಲ್ಕು ಸಲ ಕೇಳಿದೆ. ಹೊಟ್ಟೆ ತುಂಬಿರಬೇಕು. ಬಾಯಿಗೆ ಇಡುವ ಕಡೆ ಎಲೆ ಮುಚ್ಚಿದ ಟೋಪಿಯನ್ನಷ್ಟೇ ತೆಳ್ಳಗೆ ಕತ್ತರಿಸಬೇಕು. ತುದಿಯನ್ನು ಬೆಂಕಿಗೆ ಇಡಬಾರದು, ಬೆಂಕಿಯ ಮೇಲೆ ಹಿಡಿದು ತಿರುಗಿಸುತ್ತ ಕಾಯಿಸಬೇಕು. ಹೊಗೆ ಬಾಯಿಯಿಂದ ಕೆಳಗೆ ಇಳಿಯಬಾರದು. ಕಡೆಯಲ್ಲಿ ನೀನು ಹೇಳಿದ್ದೆ: "ಅವಸರ ಮಾಡಬ್ಯಾಡ ಅಪ್ಪಾ, ಅದು ನಿನ್ನ ಬಿಟ್ಟು ಎಲ್ಲಿಗೂ ಓಡಿ ಹೋಗಲ್ಲ." ಇದನ್ನು ಸರಿಯಾಗಿ ಸೇದಿಯೇ ತೀರಬೇಕು ಎಂದು ಆಗ ಹಟ ಬಂತು. ಹಲ್ಲು ಹೋಯಿತು, ನಗೆ ಹೋಯಿತು, ಪಾತ್ರ ಹೋಯಿತು; ಒಂದು ಎಲೆಯ ಸುರುಳಿಯ ಮುಂದೂ ಸೋತು ಕೂರುವುದೇ?

ಎರಡನೆಯದಕ್ಕೆ ಒಂದು ಭಾನುವಾರ ಆರಿಸಿಕೊಂಡೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೊಟ್ಟೆ ತುಂಬ ಉಂಡು, ಹಿತ್ತಲಿನ ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಕೂತೆ. ಮನೆಯೊಳಗೆ ಸೇದಬಾರದು ಎನ್ನುವುದು ನಿನ್ನವ್ವನ ಕಟ್ಟಪ್ಪಣೆ. ಕೊರಳಲ್ಲಿ ಲಿಂಗ ಇಟ್ಟುಕೊಂಡು ಇದೇನು ಎಂದು ಅವಳ ಮುಖ ಕೇಳುತ್ತಿತ್ತು. ಬ್ಲೇಡಿನಿಂದ ಟೋಪಿ ತೆಗೆದೆ. ಹಚ್ಚುವ ಮೊದಲು ಬರಿದೇ ಎಳೆದು ನೋಡಿದೆ. ಒಣಹುಲ್ಲಿನ ಬಣವೆಯ ಒಳಗೆ ಮುಖ ಇಟ್ಟ ಹಾಗೆ, ಅದರ ಹಿಂದೆ ಸಣ್ಣಗೆ ಹಳೆಯ ಬೆಲ್ಲ. ಕಡ್ಡಿ ಗೀರಿ ತುದಿಯನ್ನು ತಿರುಗಿಸುತ್ತ ಕಾಯಿಸಿದೆ. ಅಂಚು ಕೆಂಪಾಗಿ, ಸುತ್ತಲೂ ಒಂದೇ ಸಮ ಹಿಡಿಯಿತು.

ಮೊದಲ ಹೊಗೆ ನಾಲಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟಿನಂತೆ ಬಂತು. ಮೂಗಿನ ಹಿಂಬದಿ ಜುಮ್ಮೆಂದಿತು. ಹೊರಗೆ ಬಿಟ್ಟೆ, ಸುಮ್ಮನೆ ಕೂತೆ. ಬಾಯಲ್ಲಿ ಏನೋ ಉಳಿದಿತ್ತು. ಅದು ಪೂರ್ತಿ ಹೋಗುವವರೆಗೆ ಇನ್ನೊಂದು ಎಳೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಘಾಟು ತಗ್ಗಿ, ಎರೆಹೊಲಕ್ಕೆ ಮೊದಲ ಹನಿ ಬಿದ್ದಾಗ ಏಳುವ ವಾಸನೆ ಬಂತು, ಆಮೇಲೆ ಕಾಫಿ ಬೀಜ, ಹೊಸ ಚಪ್ಪಲಿಯ ತೊಗಲು, ತುಸು ಹೊತ್ತಿದ ಬೆಲ್ಲದ ಪಾಕ. ಒಂದೇ ಎಲೆಯ ಸುರುಳಿಯಲ್ಲಿ ಇಷ್ಟೆಲ್ಲ ಎಲ್ಲಿ ಅಡಗಿತ್ತೋ. ಅದರ ತಾಕತ್ತು ನನಗೆ ಗೊತ್ತೇ ಆಗದ ಹಾಗೆ ಬಂದು ಭುಜದ ಮೇಲೆ ಕೈ ಇಟ್ಟಿತು. ಕೈಕಾಲು ಭಾರವಾದವು, ತಲೆ ಮಾತ್ರ ತಿಳಿನೀರು. ನಡುವೆ ಒಮ್ಮೆ ಆಸೆಗೆ ಬಿದ್ದು ಬೇಗಬೇಗ ಎರಡು ಸಲ ಎಳೆದೆ. ತಕ್ಷಣ ಬಿಸಿಯಾಗಿ, ಕಹಿಯಾಗಿ, ನಾಲಗೆ ಸುಟ್ಟಿತು. ಬಿಟ್ಟು ಕೂತೆ. ತಣ್ಣಗಾಗಿ ಮತ್ತೆ ಸರಿಹೋಯಿತು. ಬೂದಿ ಬೀಳಲಿಲ್ಲ. ಬೆರಳಿನ ಗೆಣ್ಣಿನಷ್ಟು ಉದ್ದ ಬೆಳೆದು, ಬೂದಿಬಣ್ಣದ ಕಂಬದ ಹಾಗೆ ಅಲ್ಲೇ ನಿಂತಿತು. ಅದನ್ನು ಬೀಳಿಸಬಾರದೆಂದು ನನ್ನ ಕೈಯೇ ತಾನಾಗಿ ನಿಧಾನವಾಯಿತು.

ನಾನು ಹಾಗೆ ಕೂತಿರುವಾಗ ನಿನ್ನವ್ವ ಬಟ್ಟೆ ಒಣಹಾಕಲು ಬಂದಳು. ಏನೋ ಕೇಳಿದಳು. ನಾನು ಉತ್ತರ ಕೊಡುವ ಮೊದಲು ಒಂದು ಹೊಗೆ ಬಿಟ್ಟು, ಅವಳನ್ನು ನೋಡಿ, ಆಮೇಲೆ ಹೇಳೋಣ ಎಂದು ತಡೆದೆ. ಅಷ್ಟೇ. ಅವಳು ಕೈಯಲ್ಲಿ ಹಿಂಡಿದ ಸೀರೆ ಹಿಡಿದುಕೊಂಡು ಹಾಗೇ ನಿಂತಳು. "ಹಂಗ್ಯಾಕ ನೋಡ್ತೀರಿ?" ಎಂದಳು, ದನಿ ಸಣ್ಣದಾಗಿತ್ತು. ನನ್ನ ಮೈ ಝುಮ್ಮೆಂದಿತು. ನನ್ನ ಹೆಂಡತಿ ನನಗೆ ಹೆದರಿದಳೆಂದು ಸಂತೋಷಪಟ್ಟೆ ಎಂದುಕೊಳ್ಳಬೇಡ. ನನಗೆ ಕಂಡದ್ದು ರುದ್ರಗೌಡ. ಇಷ್ಟು ವರ್ಷ ನಾನು ಆಡಿದ ಗೌಡ ಒಂದೇ ಸಮ ಹೊಗೆ ಬಿಡುತ್ತಿದ್ದ, ಗುಡುಗುತ್ತಿದ್ದ, ನಗುತ್ತಿದ್ದ. ಊರೆಲ್ಲ ತನ್ನ ಕೈಯಲ್ಲಿ ಇರುವವನು ಯಾಕೆ ಅಷ್ಟು ದಣಿಯಬೇಕು? ಅವನಿಗೆ ಏನು ಅವಸರ? ಅವನು ಕೂತಿರುತ್ತಾನೆ. ಕಾಯುವವರು ಎದುರಿಗೆ ನಿಂತವರು.

ಆ ಸಂಜೆಯೇ ಕೊಟ್ಟೂರಿನಲ್ಲಿ ಬೀಡುಬಿಟ್ಟಿದ್ದ ಕಂಪನಿಗೆ ಹೋಗಿ ಪಾಲಯ್ಯನವರನ್ನು ಕಂಡೆ. ಅವರು ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದರು. ನನಗೆ ಒಂದು ಆಟ ರುದ್ರಗೌಡನ ಪಾತ್ರ ಕೊಡಿ ಎಂದೆ. ಅವರು ನನ್ನ ಬಾಯಿಯನ್ನೇ ನೋಡಿದರು. ನಾನು ಹೇಳಿದೆ, "ನಾ ನಗಾದಿಲ್ಲ." ಅವರ ಕೈಯ ಮಿರ್ಚಿ ಅಲ್ಲೇ ನಿಂತಿತು. "ನಗಲಾರದ ಗೌಡನ್ನ ನೋಡಾಕ ಯಾರು ಬರ್ತಾರ್ರೀ ಪಂಚಾಕ್ಷರಪ್ಪ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ, ಟೆಂಟು ತುಂಬಿಸುವ ಹೊಣೆ ಅವರದು. ಇಲ್ಲ ಎಂದರು. ಮರುದಿನ ಹೋದೆ. ಇಲ್ಲ ಎಂದರು. ಅದರ ಮರುದಿನವೂ ಹೋದೆ. ಅವರು ಸ್ನಾನಕ್ಕೆ ಹೊರಟರೆ ಬಚ್ಚಲ ಬಾಗಿಲಲ್ಲಿ ನಿಂತೆ, ಊಟಕ್ಕೆ ಕೂತರೆ ಎದುರಿನ ಚಾಪೆಯಲ್ಲಿ ಕೂತೆ. ಕಡೆಗೆ ದಾರಿ ಮಾಡಿಕೊಟ್ಟವನು ರಾಮಾಂಜನೇಯ. ಹಗರಿಬೊಮ್ಮನಹಳ್ಳಿಯ ಭಾನುವಾರದ ಮಧ್ಯಾಹ್ನದ ಆಟದ ದಿನ ತನ್ನ ಅಕ್ಕನ ಮಗಳ ನಿಶ್ಚಿತಾರ್ಥ ಇದೆ, ಗುರುಗಳು ಮಾಡಲಿ ಎಂದ. ನಿಶ್ಚಿತಾರ್ಥ ಬೆಳಗ್ಗೆಯೇ ಮುಗಿಯುವಂಥದ್ದು ಎಂದು ಆಮೇಲೆ ತಿಳಿಯಿತು. ಅವನು ಬೇಕೆಂದೇ ಬಿಟ್ಟುಕೊಟ್ಟಿದ್ದ.

ಒಂದು ಕಷ್ಟ ಉಳಿಯಿತು. ಟೆಂಟಿನಲ್ಲಿ ನಿಜವಾದ ಬೆಂಕಿ ಬೇಡ, ಚುಟ್ಟಾ ಹಚ್ಚುವ ಹಾಗಿಲ್ಲ ಎಂದು ಪಾಲಯ್ಯನವರು ಕಡ್ಡಾಯ ಮಾಡಿದರು. ಬಟ್ಟೆಯ ಪರದೆ, ತೆಂಗಿನ ಗರಿಯ ಮರೆ, ಅವರು ಹೇಳಿದ್ದು ನ್ಯಾಯವೇ. ಒಂದು ಕಡ್ಡಿ ಗೀರಲು ಮಾತ್ರ ಒಪ್ಪಿಸಿದೆ, ಪಕ್ಕದಲ್ಲೇ ನೀರಿನ ಬಕೆಟ್ಟು ಇಟ್ಟುಕೊಳ್ಳುವ ಕರಾರಿನ ಮೇಲೆ. ಮೂರನೆಯ ಚುಟ್ಟಾವನ್ನು ಕೈಯಲ್ಲಿ ಹಿಡಿದು ಮನೆಯ ಕನ್ನಡಿಯ ಮುಂದೆ ಕೂತು ಕೂತು ಅಭ್ಯಾಸ ಮಾಡಿದೆ. ಹಚ್ಚದ ಚುಟ್ಟಾದಲ್ಲಿ ಹಚ್ಚಿದ ಚುಟ್ಟಾದ ಭಾರ ಬರಬೇಕು. ಒಮ್ಮೆ ಸೇದಿದ್ದ ನನ್ನ ಕೈಗೆ ಆ ಭಾರ ನೆನಪಿತ್ತು.

ಭಾನುವಾರ ನಿನ್ನವ್ವ ತಾನೂ ಬರುತ್ತೇನೆ ಎಂದಳು. ನೀನೇ ಯೋಚಿಸು, ಮದುವೆಯಾದಾಗಿನಿಂದ ಅವಳು ನನ್ನ ರುದ್ರಗೌಡನನ್ನು ನೋಡಿರಲಿಲ್ಲ. ಜನ ಗಂಡನಿಗೆ ಶಾಪ ಹಾಕುವುದನ್ನು ಕೇಳಲಾರೆ ಎಂದು ಪೌರಾಣಿಕ ನಾಟಕ ಇದ್ದರೆ ಮಾತ್ರ ಬರುತ್ತಿದ್ದಳು. ಈ ಸಲ ಯಾಕೆ ಎಂದು ಕೇಳಿದ್ದಕ್ಕೆ, "ಅವತ್ತು ಹಿತ್ತಲಾಗ ನೋಡಿದೆನಲ್ಲ, ಆತ ಯಾರಂತ ಪೂರ್ತಿ ನೋಡಬೇಕು," ಎಂದಳು.

ಟೆಂಟಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ. ನಾನು ರಂಗಕ್ಕೆ ಬಂದ ಕೂಡಲೇ ಗುರುತು ಹಿಡಿದರು. ಕೂಡ್ಲಿಗಿಯ ಸುದ್ದಿ ಹಗರಿಬೊಮ್ಮನಹಳ್ಳಿಗೆ ಬರಲು ಎಷ್ಟು ಹೊತ್ತು? ಹಿಂದಿನಿಂದ ಒಬ್ಬ ಕೂಗಿದ, "ಹಲ್ಲು ಹಿಡಕಂಡು ನಗೋ ಗೌಡ." ಟೆಂಟು ನಕ್ಕಿತು. ಮೊದಲಾಗಿದ್ದರೆ ಆ ನಗೆಯ ಮೇಲೆ ನನ್ನ ನಗೆ ಎತ್ತಿ ಮುಚ್ಚಿಬಿಡುತ್ತಿದ್ದೆ. ಈಗ ಕುರ್ಚಿಗೆ ಹೋದೆ, ಕೂತೆ, ಶಲ್ಯ ಸರಿಮಾಡಿಕೊಂಡೆ, ಕೂಗಿದವನ ಕಡೆಗೆ ಕತ್ತು ತಿರುಗಿಸಿ ನೋಡುತ್ತ ಕೂತೆ. ಅವನು ಮತ್ತೊಮ್ಮೆ ಕೂಗಿದ, ಈ ಸಲ ಅಷ್ಟು ಜೋರಾಗಿ ಇರಲಿಲ್ಲ. ನಾನು ನೋಡುತ್ತಲೇ ಇದ್ದೆ. ಅವನ ಪಕ್ಕದವರೇ ಅವನನ್ನು ಕೂರಿಸಿದರು.

ಎರಡನೆಯ ಅಂಕ ಬಂತು. ಮೇಷ್ಟರು ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಬೇಕೆಂದು ಗೌಡ ಅವರನ್ನು ಕರೆಸುವ ದೃಶ್ಯ. ಭೀಮೇಶ್ ಎದುರಿಗೆ ನಿಂತ. ನಾನು ಚುಟ್ಟಾ ತೆಗೆದೆ. ಮೂಗಿಗೆ ಹಿಡಿದೆ. ಚಾಕುವಿನಿಂದ ಟೋಪಿಯನ್ನು ತೆಳ್ಳಗೆ ಕೊಯ್ದೆ, ಆ ಚೂರನ್ನು ಮೇಷ್ಟರ ಕಾಲ ಹತ್ತಿರ ಹಾಕಿದೆ. "ಏನಂತೀರಿ ಮೇಷ್ಟ್ರೇ?" ಎಂದೆ, ಮನೆಯಲ್ಲಿ ಚಹಾ ಬೇಕೇ ಎಂದು ಕೇಳುವಷ್ಟೇ ದನಿಯಲ್ಲಿ. ಕಡ್ಡಿ ಗೀರಿದೆ. ತುದಿಯ ಹತ್ತಿರ ತಂದೆ, ತಾಗಿಸಲಿಲ್ಲ. ಹಿಂದೆಲ್ಲ ಈ ಜಾಗದಲ್ಲೇ ಗೌಡನ ನಗೆ ಬರುತ್ತಿತ್ತು. ಕೊಟ್ರಸ್ವಾಮಿ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದವನು, ನನ್ನ ಮುಖ ನೋಡಿ ಹಾಗೇ ಎತ್ತಿಕೊಂಡು ಕೂತ. ಟೆಂಟಿನ ಬಟ್ಟೆ ಗಾಳಿಗೆ ಪಟಪಟ ಅನ್ನುವುದು ಕೇಳಿಸಿತು. ಎಲ್ಲೋ ಒಂದು ಕೂಸು ಮುಲುಗಿತು, ಅದರ ತಾಯಿ ಸೆರಗು ಮುಚ್ಚಿದಳು. ಬೆಂಕಿ ಕಡ್ಡಿಯ ಮೇಲೆ ಇಳಿಯುತ್ತ ಬಂತು. ನಾನು ಮೇಷ್ಟರನ್ನೇ ನೋಡುತ್ತಿದ್ದೆ. ಮುಂದಿನ ಮಾತು ಭೀಮೇಶನದು. ಅವನು ಎದೆ ಉಬ್ಬಿಸಿ ಕೂಗಬೇಕಾದ ಮಾತು ಅದು. ಚಪ್ಪಾಳೆ ಬೀಳುವ ಮಾತು. ಅವನು ಕೂಗಲಿಲ್ಲ. "ನಾ ಸುಳ್ಳು ಹೇಳೂದಿಲ್ಲ ಗೌಡ್ರೇ," ಎಂದ, ಬರೀ ಉಸಿರಿನಲ್ಲಿ. ನನ್ನ ಬೆರಳು ಸುಟ್ಟಿತು. ಉಫ್ ಎಂದು ಕಡ್ಡಿ ಆರಿಸಿ, ಹಚ್ಚದ ಚುಟ್ಟಾವನ್ನು ಜೇಬಿಗೆ ಇಟ್ಟುಕೊಂಡು, ಎದ್ದು ಒಳಗೆ ಹೋದೆ.

ಪರದೆ ಬೀಳುವವರೆಗೆ ಒಂದು ಚಪ್ಪಾಳೆ ಇಲ್ಲ. ನಾನು ಪರದೆಯ ಹಿಂದೆ ನಿಂತು, ಮುಗಿಯಿತು, ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬಿದ್ದ ಪರದೆಯ ಆಚೆ ಆಮೇಲೆ ಬಂತು ನೋಡು ಚಪ್ಪಾಳೆ. ಅದು ಬರುವಾಗ ಗೌಡನಿಗೆ ಅಲ್ಲ, ಮೇಷ್ಟರಿಗೆ ಬಂತು. ಆ ಸಣ್ಣ ಹುಡುಗ ಅಷ್ಟು ದೊಡ್ಡ ಗೌಡನ ಎದುರು ಇಲ್ಲ ಎಂದನಲ್ಲ ಎಂದು ಜನ ಎದ್ದು ನಿಂತು ತಟ್ಟಿದರು. ಭೀಮೇಶ್ ಒಳಗೆ ಬಂದವನು ನನ್ನ ತೋಳು ಹಿಡಿದುಕೊಂಡು, "ಗುರುಗಳೇ, ನನಗ ಖರೇನ ಅಂಜಿಕಿ ಬಂದಿತ್ತು," ಎಂದ. ನಾನು ಗುಡುಗುತ್ತಿದ್ದಾಗ ಯಾವ ಮೇಷ್ಟರಿಗೂ ಅಂಥ ಚಪ್ಪಾಳೆ ಬಿದ್ದದ್ದಿಲ್ಲ. ನನ್ನ ನಗೆ ಎಲ್ಲರ ಮಾತನ್ನೂ ನುಂಗುತ್ತಿತ್ತು ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಆಟ ಮುಗಿದು ಬಣ್ಣ ತೊಳೆದು ಹೊರಗೆ ಬಂದರೆ ಒಬ್ಬ ಮುದುಕಿ, ಹೊನ್ನೂರಮ್ಮ ಎಂದು ಯಾರೋ ಕರೆದರು, ದಾರಿಗೆ ಅಡ್ಡ ನಿಂತಿದ್ದಳು. "ಎಂಥಾ ತಣ್ಣನ ಮನಿಶೇನಪ್ಪಾ ನೀನು, ನಿನ್ನ ಬಾಯಾಗ ಮಣ್ಣ ಬೀಳ," ಎಂದು ನೆಟಿಗೆ ಮುರಿದು ಬೈದು ಹೋದಳು. ನಿನ್ನವ್ವ ಪಕ್ಕದಲ್ಲೇ ಇದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬಸ್ಸು ಕೊಟ್ಟೂರು ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು, "ಆ ಮುದುಕಿ ಬೈದಾಗ ನನಗ ಸಿಟ್ಟ ಬರ್ಲಿಲ್ಲ. ನಾನೂ ಅದನ್ನ ಬೈಬೇಕು ಅನ್ನಾದ್ರಾಗ ಇದ್ದೆ." ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಇನ್ನೊಮ್ಮಿ ಯಾವಾಗ ಐತಿ?" ಎಂದಳು. ನನಗೆ ಬಂದ ಯಾವ ಶಾಲು, ಹಾರಕ್ಕಿಂತಲೂ ಆ ಮಾತು ದೊಡ್ಡದು. ಇದನ್ನು ಬರೆಯುತ್ತಿದ್ದೇನೆ ಎಂದು ಅವಳಿಗೆ ಹೇಳಬೇಡ.

ಸೋಮವಾರ ಪಾಲಯ್ಯನವರೇ ಫೋನು ಮಾಡಿದರು. ಮುಂದಿನ ಆಟಗಳಲ್ಲಿ ಮಧ್ಯಾಹ್ನದ ರುದ್ರಗೌಡ ನಾನು, ರಾತ್ರಿಯದು ರಾಮಾಂಜನೇಯ. ಅವನೂ ನಗೆ ಕಡಿಮೆ ಮಾಡುತ್ತೇನೆ ಎಂದನಂತೆ. ಬೇಡ, ನಿನ್ನ ನಗೆ ನಿನ್ನದು, ಹಲ್ಲು ಗಟ್ಟಿ ಇರುವವರೆಗೆ ನಗು ಎಂದು ನಾನು ಹೇಳಿಕಳಿಸಿದೆ. ಕೂಡ್ಲಿಗಿಯನ್ನು ಈ ಸಲ ಬಿಟ್ಟು ನೇರವಾಗಿ ಹಡಗಲಿಗೆ ಹೋಗೋಣ, ಕೂಡ್ಲಿಗಿಯ ಜನ ಇನ್ನೂ ಮರೆತಿಲ್ಲ ಎಂದು ಪಾಲಯ್ಯನವರ ವಿಚಾರವಿತ್ತು. ಮರೆಯುವ ಮೊದಲೇ ಹೋಗಬೇಕು ಎಂದೆ. ಕೂಡ್ಲಿಗಿಯನ್ನು ಬಿಟ್ಟರೆ ನಾನು ಬರುವುದಿಲ್ಲ, ಅಲ್ಲಿಂದಲೇ ಶುರುವಾಗಬೇಕು ಎಂದೆ. ನಾಳೆಯ ಭಾನುವಾರದ ನಂತರದ ಭಾನುವಾರ ಕೂಡ್ಲಿಗಿ. ಮಾರೇಶನ ತಾಯಿ ಚೌಡಕ್ಕ ತಮ್ಮ ಕೇರಿಯವರನ್ನೆಲ್ಲ ಕರೆತರುತ್ತೇನೆ ಎಂದಿದ್ದಾರೆ. ಅವರು ನಗಲು ಬಂದರೂ ಸರಿ, ಬರಲಿ. ನಾನು ಕುರ್ಚಿಯ ಮೇಲೆ ಕೂತು ಅವರನ್ನು ನೋಡುತ್ತೇನೆ, ಅವರ ನಗು ಮುಗಿಯುವವರೆಗೆ.

ಚುಟ್ಟಾ ಚಟವಾಗುತ್ತದೆ ಎಂದು ಹೆದರಬೇಡ. ಉಳಿದಿರುವ ಒಂದು ನಮ್ಮ ಬಿಸಿಲಿಗೆ ಒಣಗಿ ಕಡ್ಡಿಯಾಗಿದೆ, ಸೇದಲು ಬರುವುದಿಲ್ಲ, ಹಿಡಿಯಲು ಚೆನ್ನಾಗಿದೆ. ಮತ್ತೆ ಕಳಿಸಬೇಡ. ಅದರಿಂದ ತಿಳಿಯಬೇಕಾದ್ದು ತಿಳಿಯಿತು. ಅದನ್ನು ಸುತ್ತಿದ ಕೈ ಯಾರದೋ, ಆ ದೇಶ ಯಾವ ದಿಕ್ಕಿಗಿದೆಯೋ, ನಿನ್ನ ಹಡಗು ಆ ಕಡೆ ಹೋದರೆ ನನ್ನದೊಂದು ನಮಸ್ಕಾರ ಹೇಳು.

ಓವನ್ನಿನ ಮುಂದೆ ಉದ್ದ ತೋಳಿನ ಅಂಗಿ ಹಾಕಿಕೋ. ಮಾರೇಶ್ ವಾಪಸ್ ಹಡಗಿಗೆ ಬರುವಾಗ ಅವನ ಕೈಯಲ್ಲಿ ಶೇಂಗಾ ಹೋಳಿಗೆ, ಕೆಂಪು ಖಾರದ ಚಟ್ನಿ ಕಳಿಸುತ್ತಾಳೆ ನಿನ್ನವ್ವ. ಜೊತೆಗಿರುವ ಹುಡುಗಿಯರಿಗೆಲ್ಲ ಕೊಟ್ಟು ತಿನ್ನು. ನೆಲವಿಲ್ಲದ ಕಡೆ ಇರುವವಳು ನೀನು; ಉಚ್ಚಂಗೆಮ್ಮ ನಿನ್ನ ಕಾಲ ಕೆಳಗೆ ನೆಲವಾಗಿರಲಿ, ಕೊಟ್ಟೂರ ಬಸವಣ್ಣ ನಿನ್ನ ಬೆನ್ನಿಗೆ ಗೋಡೆಯಾಗಿರಲಿ. ನಿನ್ನವ್ವನದೂ ಇದೇ ಹರಕೆ, ಅವಳದರಲ್ಲಿ ಇನ್ನೂ ನಾಲ್ಕು ದೇವರು ಹೆಚ್ಚಿಗೆ ಇದ್ದಾರೆ.

ನಿನ್ನ ಅಪ್ಪ
ಪಂಚಾಕ್ಷರಪ್ಪ

ತಾ.ಕ.: ಹಾಳೆ ಮಡಚಿ ಭೀಮೇಶನಿಗೆ ಕೊಡುವಷ್ಟರಲ್ಲಿ ನಿನ್ನವ್ವ ಅಡು‌ಗೆಮನೆಯಿಂದ ಬಂದು ಒಂದು ಮಾತು ಹೇಳಿದಳು. ಅದಕ್ಕೇ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅಡ್ಡಿ ಇಲ್ಲ. ಹಡಗಿನವರು ನಿನ್ನನ್ನು ಬೇಕರಿಗೆ ಮುಖ್ಯಸ್ಥೆಯನ್ನಾಗಿ ಮಾಡುತ್ತೇವೆ ಎಂದರಂತೆ. ನೀನು ಬೇಡ ಎಂದು ಬಿಟ್ಟು ಬರುವವಳಿದ್ದೀಯಂತೆ. ಕೂಡ್ಲಿಗಿಯ ಸುದ್ದಿ ಮಾರೇಶನಿಂದ ನಿನಗೆ ಮೊದಲೇ ಗೊತ್ತಿತ್ತಂತೆ, ಅಪ್ಪ ಕುಗ್ಗಿ ಕೂತಿದ್ದಾನೆ, ಜೊತೆಗೆ ಇರಬೇಕು ಎಂದೆಯಂತೆ. ಯಾರ ಜೊತೆಗೆ ಇರುತ್ತೀಯವ್ವ? ಮನೆಗೆ ಬೀಗ ಹಾಕುತ್ತಿದ್ದೇವೆ. ನಿನ್ನವ್ವ ಕಂಪನಿಯವರಿಗೆ ರೊಟ್ಟಿ ಬಡಿಯುತ್ತ ಊರೂರು ಬರುತ್ತೇನೆಂದು ತನ್ನ ರೊಟ್ಟಿಹಂಚು ಕಟ್ಟಿ ಇಟ್ಟಿದ್ದಾಳೆ. ನನ್ನ ಮೇಲೆ ಆಣೆ ಇಡುವುದಿಲ್ಲ, ಆಣೆಗೆ ನೀನು ಹೆದರುವವಳಲ್ಲ. ಇಷ್ಟೇ ಹೇಳುತ್ತೇನೆ: ಆ ಕೆಲಸ ಹಿಡಿ. ಇವತ್ತೇ ಒಪ್ಪಿಕೋ. ರಜೆ ಸಿಕ್ಕಾಗ ಬಾ, ಆದರೆ ಮನೆಗೆ ಹೋಗಿ ಕದ ಬಡಿಯಬೇಡ. ನೇರವಾಗಿ ಟೆಂಟಿಗೆ ಬಾ. ನೀನು ಹಡಗಿನಲ್ಲಿ, ನಾವು ಹಡಗಲಿಯಲ್ಲಿ. ಮೂರೂ ಮಂದಿ ದುಡಿಮೆಯಲ್ಲಿ ಇದ್ದೇವೆ.